ಗೈರುಹಾಜರಿ ಸಂಚಾಲಕನ ಗಂಗಾ ಸಮಾರಾಧನೆ

ಯಾವ ಸಭೆಗೆ ಬೇಕಾದರೂ ಚಕ್ಕರ್ ಹೊಡೆಯಿರಿ, ಹೊಣೆ ಹಂಚುವ ಸಭೆಗೆ ಮಾತ್ರ ಹೊಡೆಯಬೇಡಿ. ಇದು ನಾನು ಹಲ್ಲು ಕೀಳಿಸಿಕೊಂಡು ಕಲಿತ ಪಾಠ. ನಿಜವಾಗಿಯೂ ಹಲ್ಲು ಕೀಳಿಸಿಕೊಂಡೇ. ತೊಂಬತ್ತರ ದಶಕದ ಮೊದಲ ವರ್ಷಗಳು. ಕಾಶಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು. ಒಂದು ಮಧ್ಯಾಹ್ನ ಭೇಲೂಪುರದ ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದೆ. ಅದೇ ಹೊತ್ತಿಗೆ ಅತ್ತ ಆರು ವಿಭಾಗಗಳು ಕೂಡಿ 'ನದೀ ಅಧ್ಯಯನ ಕೇಂದ್ರ' ಹುಟ್ಟುಹಾಕಿ, ಅದಕ್ಕೆ ಸಂಚಾಲಕ ಯಾರಾಗಬೇಕೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದವಂತೆ. ಲೆಕ್ಕ ನೋಡಲೆಂದು ಆ ಆರರ ಹೊರಗಿನಿಂದ ನನ್ನನ್ನೂ ಕರೆದಿದ್ದರು; ಬೇಡ ಎನ್ನಲು ನಾನೊಬ್ಬನೇ ಅಲ್ಲಿರಲಿಲ್ಲ. ಸರ್ವಾನುಮತದಿಂದ ಆಯ್ಕೆಯಾದೆ. ಊದಿದ ದವಡೆ ಹಿಡಿದುಕೊಂಡು ಮರುದಿನ ಹೋದರೆ ಎಲ್ಲರೂ ಕೈಕುಲುಕಿದರು.

ಕೇಂದ್ರವೆಂದರೆ ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕದ ಒಂದು ಕೋಣೆ. ಮೇಜು ರಸಾಯನಶಾಸ್ತ್ರದವರ ಎರವಲು, ಕುರ್ಚಿಗಳು ಭೂಗೋಳದವರವು. ಸಂಸ್ಕೃತದವರು ಉದಾರವಾಗಿ ಒಂದು ಬೀರು ಕೊಟ್ಟು ಬೀಗದಕೈಯನ್ನು ತಾವೇ ಇಟ್ಟುಕೊಂಡಿದ್ದರು. ಕೇಂದ್ರಕ್ಕೆ ಸ್ವಂತದ್ದು ಅಂತ ಇದ್ದದ್ದು ಒಬ್ಬಳು ವಿದ್ಯಾರ್ಥಿನಿ, ವಿಮಲಾ. ಗಂಗೆಯ ದೋಣಿ ಕಟ್ಟುವವರ ಬಗ್ಗೆ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಮರಕ್ಕೆ ಸಸ್ಯಶಾಸ್ತ್ರ, ಹರಿವಿಗೆ ಭೂಗೋಳ, ಹಾಡಿಗೆ ಹಿಂದಿ ಎಂದು ಸುತ್ತಿ ಸುತ್ತಿ ಅವಳ ಚಪ್ಪಲಿಯೇ ಸವೆದಿತ್ತು. ಯಾವ ವಿಭಾಗವೂ ಅವಳನ್ನು ತನ್ನವಳೆಂದು ಒಪ್ಪಿರಲಿಲ್ಲ.

ಹೀಗಿರುವಾಗ ಮೇಲಿನ ಕಚೇರಿಯಿಂದ ಓಲೆ ಬಂತು: ಈ ತಿಂಗಳೊಳಗೆ ಆರೂ ವಿಭಾಗದವರು ಒಟ್ಟಿಗೆ ಕೂತು ಒಂದು ಸಭೆ ನಡೆಸಿ, ಒಂದು ಜಂಟಿ ಯೋಜನೆಗೆ ಸಹಿ ಮಾಡಿ ಕಳಿಸದಿದ್ದರೆ ಕೇಂದ್ರ ಬಂದ್. ವಿಮಲಾ ಬಂದು, "ಸರ್, ಕೇಂದ್ರ ಮುಚ್ಚಿದರೆ ನನ್ನ ಪ್ರಬಂಧ ಎಲ್ಲಿಗೆ ಕೊಡಲಿ?" ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳುತ್ತಿದ್ದೆ. ಅವಳು ಬಾಗಿಲು ಬಿಟ್ಟು ಕದಲಲಿಲ್ಲ, ನಾನು ಸುತ್ತೋಲೆ ಬರೆಯಲು ಕೂತೆ.

ಸೈಕ್ಲೋಸ್ಟೈಲ್ ಮಾಡಿಸಿ ಮೂರು ಸಲ ಸುತ್ತೋಲೆ ಕಳಿಸಿದೆ. ರಸಾಯನಶಾಸ್ತ್ರದ ಪಾಂಡೆಯವರು, "ಅರೇ ಭಾಯಿ, ನಾನು ಭೂಗೋಳದವರ ಕುರ್ಚಿಯ ಮೇಲೆ ಕೂರಬೇಕೇ?" ಎಂದರು. ಭೂಗೋಳದ ಸಿಂಗ್ ಸಾಹೇಬರು, "ಪಾಂಡೆ ಮೇಜಿನ ತಲೆಗೆ ಕೂತರೆ ನಾನು ಬರುವುದಿಲ್ಲ" ಎಂದರು. ಉಳಿದ ನಾಲ್ವರು, ಇವರಿಬ್ಬರೂ ಬಂದರೆ ತಾವೂ ಬರುತ್ತೇವೆಂದು ಬಲು ವಿನಯದಿಂದ ತಿಳಿಸಿದರು.

ನಾನಿದ್ದದ್ದು ಹನುಮಾನ್ ಘಾಟಿನಲ್ಲಿ, ಮಾವನ ಮನೆಯ ಮಹಡಿಯ ಮೇಲೆ. ಬಾಡಿಗೆ ತೆಗೆದುಕೊಳ್ಳಿ ಎಂದು ಪ್ರತಿ ತಿಂಗಳೂ ಹೇಳುತ್ತಿದ್ದೆ, ಅವರು ಪ್ರತಿ ತಿಂಗಳೂ ಬೇಡ ಎನ್ನುತ್ತಿದ್ದರು. ಮನೆ ಅಳಿಯ ಎಂಬ ಬಿರುದು ಹಾಗೇ ಅಂಟಿಕೊಂಡಿತ್ತು. ಮಾವನವರು ನಮ್ಮ ಕಡೆಯ ಯಾತ್ರಿಕರಿಗೆ ಪುರೋಹಿತರು. ನನ್ನ ಗೋಳು ಕೇಳಿ ಅವರು ನಶ್ಯದ ಡಬ್ಬಿ ಮುಚ್ಚಿ, "ಕಾಗದ ಕಳಿಸಿ ಯಾರನ್ನಾದರೂ ಊಟಕ್ಕೆ ಕರೆದಿದ್ದುಂಟೇ ಅಳಿಯಂದಿರೇ?" ಎಂದರು.

"ಊಟವಲ್ಲ ಮಾವ, ಸಭೆ."

"ಎರಡಕ್ಕೂ ಜನ ಕೂರಬೇಕು ತಾನೇ? ನದಿಯ ಕೇಂದ್ರ ಅಂತೀರಿ, ಗಂಗಾ ಸಮಾರಾಧನೆ ಇಟ್ಟುಕೊಳ್ಳೋಣ. ಮನೆಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯಿರಿ. ಗಂಗಮ್ಮನ ಊಟಕ್ಕೆ ಬರೋಲ್ಲ ಅನ್ನೋ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ."

ತಿಂಗಳ ಕೊನೆಯ ದಿನಕ್ಕೆ ಮುಹೂರ್ತವಾಯಿತು. ಅಕ್ಷತೆಯ ಬಟ್ಟಲು ಹಿಡಿದು ಆರು ಮನೆ ಹತ್ತಿ ಇಳಿದೆ. ಆಣೆ ಮಾಡಿ ಹೇಳುತ್ತೇನೆ, ಒಬ್ಬರೂ ಇಲ್ಲವೆನ್ನಲಿಲ್ಲ. ಪಾಂಡೆಯವರಂತೂ ಎರಡೂ ಕೈಯೊಡ್ಡಿ ಅಕ್ಷತೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಇನ್ನು ಕೂರಿಸುವುದು ಹೇಗೆಂಬ ಚಿಂತೆ. ಮಾವನವರು ನಕ್ಕರು. ಮೊದಲ ಎಲೆ ಯಾರಿಗೆ ಎಂದು ಕಚ್ಚಾಡುವ ಯಾತ್ರಿಕರನ್ನು ನಲವತ್ತು ವರ್ಷ ಕಂಡವರು ಅವರು. ನಮ್ಮ ಒಳಂಗಳದ ನಾಲ್ಕೂ ಗೋಡೆಗೆ ಬೆನ್ನಾಗುವಂತೆ ಸುತ್ತ ಮುತ್ತುಗದ ಎಲೆ ಹಾಕಿಸಿದರು. ಮೊದಲೂ ಇಲ್ಲ, ಕೊನೆಯೂ ಇಲ್ಲ. ಪಾಂಡೆಯವರೂ ಸಿಂಗ್ ಸಾಹೇಬರೂ ತಲೆಯ ಜಾಗ ಹುಡುಕಿ ಹುಡುಕಿ ಸೋತು, ಪಕ್ಕಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ವಿಮಲಾ ಕಂಬದ ಪಕ್ಕ ಹಾಜರಿ ಪುಸ್ತಕ ಹಿಡಿದು ಕೂತಳು. ನಾನು ಪಂಚೆ ಎತ್ತಿಕಟ್ಟಿ ಬಡಿಸಲು ನಿಂತೆ.

ಕೋಸಂಬರಿ, ಪಲ್ಯ, ಚಿತ್ರಾನ್ನ ಎಲ್ಲ ಸಾಂಗವಾಗಿ ಸಾಗಿತು. ಹುಳಿ ಬಡಿಸಿದೆ ನೋಡಿ, ಸೌಟು ಅರ್ಧಕ್ಕೇ ನಿಂತಿತು. ಬೇಳೆ ಒಂದೊಂದೂ ಬಿಡಿಬಿಡಿಯಾಗಿ ಗಟ್ಟಿಯಾಗಿ ನಿಂತಿದೆ! ಪಾಂಡೆಯವರು ಒಂದನ್ನು ಕಡಿದು ನನ್ನ ಮುಖ ನೋಡಿದರು. ಅಡುಗೆಮನೆ ಬಾಗಿಲಿಂದ ಅತ್ತೆ ತಮ್ಮ ಹರಕು ಹಿಂದಿಯಲ್ಲಿ, ಎರಡು ದಿನದಿಂದ ನಲ್ಲಿಯಲ್ಲಿ ನೀರಿಲ್ಲ, ಘಾಟಿನಿಂದ ಹೊತ್ತು ತರುವವರೂ ಸಿಗಲಿಲ್ಲ, ಬಾವಿ ನೀರಿನಲ್ಲಿ ಬೇಯಿಸಿದ್ದು, ಆ ನೀರಿನಲ್ಲಿ ಬೇಳೆ ಬೇಯುವುದೇ ಇಲ್ಲ, ಗಂಗೆ ನೀರಾದರೆ ಬೆಣ್ಣೆಯಾಗುತ್ತಿತ್ತು ಎಂದು ಕಣ್ಣಲ್ಲಿ ನೀರು ತಂದುಕೊಂಡರು.

"ಸುಣ್ಣದಂಶ ಮಾತಾಜಿ, ನಿಮ್ಮ ತಪ್ಪಲ್ಲ" ಎಂದರು ಪಾಂಡೆ.

"ಘಾಟಿನಿಂದ ಇಷ್ಟೇ ದೂರ, ಇದಕ್ಕೆ ನದಿಯ ನೀರು ಬರುವುದಿಲ್ಲವೇ? ಯಾವ ಪದರದ್ದಿರಬಹುದು?" ಎಂದು ಸಿಂಗ್ ಸಾಹೇಬರು ಕೈಯಲ್ಲಿದ್ದ ತುತ್ತು ಹಾಗೇ ಹಿಡಿದರು. ಹಳೆಯ ಗ್ರಂಥಗಳಲ್ಲಿ ಬಾವಿ ನೀರಿನ ಗುಣ ಹೇಳಿದೆ ಎಂದು ಸಂಸ್ಕೃತದವರು ಶುರುಮಾಡಿದರು. ಇತಿಹಾಸದ ಅನ್ಸಾರಿಯವರು ಬಾವಿ ತೋಡಿಸಿದವರು ಯಾರೆಂದು ಕೇಳಿದರು. ಸಸ್ಯಶಾಸ್ತ್ರವೂ ಹಿಂದಿಯೂ ಸುಮ್ಮನಿರಲಿಲ್ಲ. ಪಾಂಡೆಯವರು ಸಿಂಗರ ಎಲೆಯ ಮೇಲೇ ಅನ್ನದಿಂದ ದಂಡೆ ಕಟ್ಟಿ, ಹುಳಿಯಿಂದ ಗಂಗೆ ಹರಿಸಿ ತೋರಿಸಿದರು. ಸಿಂಗರು ಬೇಡವೆನ್ನಲಿಲ್ಲ! ಮೂರು ಸುತ್ತೋಲೆಗೆ ಆಗದ್ದು ಬೇಯದ ಒಂದು ಬೇಳೆಗೆ ಆಯಿತು. ಸೌಟು ಹಿಡಿದು ಅಂಗಳದ ನಡುವೆ ನಿಂತಿದ್ದ ನನಗೆ ಕುಣಿಯಬೇಕೆನ್ನಿಸಿತು. ವಿಮಲಾ ತಲೆ ಎತ್ತದೆ ಬರೆಯುತ್ತಿದ್ದಳು.

ಊಟವಾಗಿ ಕೈತೊಳೆದ ಮೇಲೆ ಮಾವನವರು ಎಲ್ಲರಿಗೂ ಎರಡೆರಡು ಬೀಡಾ ಕೊಟ್ಟರು. ಬಾಯಲ್ಲಿ ಪಾನ್ ತುಂಬಿಕೊಂಡ ಬನಾರಸಿನವರು ಉಗುಳುವ ತನಕ ಮಾತಾಡುವುದಿಲ್ಲ. ಮಾವನವರು ಕಣ್ಣುಸನ್ನೆ ಮಾಡಿದ್ದೇ ತಡ, ವಿಮಲಾ ಎದ್ದು ನಿಂತು, ಘಾಟಿನ ಬಾವಿಗಳ ಜಂಟಿ ಅಧ್ಯಯನದ ಠರಾವನ್ನು ಓದಿದಳು. ಆರು ತಲೆಗಳು ತೂಗಿದವು. ಆಕ್ಷೇಪವೆತ್ತಲು ಯಾರ ಬಾಯಿಯೂ ಖಾಲಿ ಇರಲಿಲ್ಲ. ಆರು ಸಹಿ ಬಿದ್ದವು. ಕಚೇರಿ ಮುಚ್ಚಲು ಅರ್ಧ ಗಂಟೆಯಿತ್ತು, ಅವಳು ಪುಸ್ತಕ ಎದೆಗವಚಿಕೊಂಡು ಸೈಕಲ್ ಹತ್ತಿ ಹಾರಿದಳು. ಬಡಿಸುವವರ ಪಂಕ್ತಿ ಕೊನೆಗೆ ಅಲ್ಲವೇ? ನಾನು ಆಗ ಅಡುಗೆಮನೆಯಲ್ಲಿ ಲೋಕ ಗೆದ್ದವನ ಹಾಗೆ ಕೂತು ಅದೇ ಹುಳಿಯನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ.

ಕೇಂದ್ರ ಉಳಿಯಿತು. ಮುಂದಿನ ವರ್ಷ ವಿಮಲಾ ಪ್ರಬಂಧ ಒಪ್ಪಿಸಿದಳು, ಆರೂ ವಿಭಾಗಗಳು ಅವಳು ತಮ್ಮವಳೆಂದು ಹೊಡೆದಾಡಿದವು. ಆದರೆ ಸಭೆಯಾದ ವಾರಕ್ಕೆ ಮೇಲಿನ ಕಚೇರಿಯಿಂದ ಬಂದ ಒಪ್ಪಿಗೆ ಪತ್ರವನ್ನು ಮನೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಕೆಟ್ಟೆ. ನನ್ನ ಹೆಸರಿನ ಮುಂದೆ ಸಹಿಯಿಲ್ಲದ್ದು ಕಂಡು ಗುಮಾಸ್ತ ಕೆಂಪು ಶಾಯಿಯಲ್ಲಿ 'ಗೈರುಹಾಜರು' ಎಂದು ಬರೆದಿದ್ದನಂತೆ. ಪತ್ರದ ಕೊನೆಗೆ ಹೀಗಿತ್ತು: 'ಸಂಚಾಲಕರು ಬಾರದಿದ್ದರೂ ಸಭೆ ಇಷ್ಟು ಸೊಗಸಾಗಿ ನಡೆದಿರುವುದರಿಂದ ಅವರನ್ನೇ ಇನ್ನೂ ಐದು ವರ್ಷ ಮುಂದುವರಿಸಲು ಅಡ್ಡಿಯಿಲ್ಲ.'

ಮಾವನವರು ನಶ್ಯ ಏರಿಸಿ ಸೀನಿದರು. ನನ್ನ ಹೆಂಡತಿ ಸಾವಿತ್ರಿ ಪತ್ರವನ್ನು ಮಡಿಸಿ ದೇವರ ಮುಂದಿಟ್ಟು, "ರೀ, ಮುಂದಿನ ಸಭೆಗೆ ಪಾಯಸ ಮಾಡ್ತೀನಿ. ಬಡಿಸೋಕೆ ಮಾತ್ರ ಗೈರುಹಾಜರಾಗಬೇಡಿ" ಎಂದಳು.