ಗೌರವದ ಗೋಡೆಯ ಮೇಲೆ ಥರ್ಮೋಸ್ಟಾಟ್

"ಈ ಚಳಿಗಾಲ ಕರೆಂಟಿನವರೇ ನಮ್ಮ ಬಾಗಿಲಿಗೆ ಬಂದು, ಎದೆ ಮೇಲೆ ಕೈಯಿಟ್ಟು, 'ಒರೋಜಣ್ಣಾ, ದಯವಿಟ್ಟು ಇನ್ನೊಂಚೂರು ಉರಿಸಿ' ಅಂತ ಬೇಡ್ಕೋಬೇಕು. ಹಾಗೆ ಮಾಡ್ತೀನಿ, ನೋಡ್ತಿರು!"

ಕೊಚ್ಕೋರ್ ಊರಿನಲ್ಲಿ ಮೂರು ತಂತಿಯ ಕೋಮುಜ್ ವಾದ್ಯ ತಯಾರಿಸುವ ಒರೋಜ್ ಈ ಪ್ರತಿಜ್ಞೆ ಮಾಡಿದ್ದು ಬೆಳಗಿನ ಚಹಾದ ಮುಂದೆ. ಅವನ ಹೆಂಡತಿ ಬುರುಲ್ ಬಾಣಲೆಯಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಣುಕು ಕರಿಯುತ್ತಿದ್ದಳು. ತಿರುಗಿಯೂ ನೋಡಲಿಲ್ಲ.

"ಅವರು ಬೇಡ್ಕೊಳ್ಳೋದು ಆಮೇಲಾಯ್ತು, ಜಿಬೆಕಳ ಅಪ್ಪಾ. ಈ ತಿಂಗಳೂ ಆ ಹೀಟರಿನ ಬಿಲ್ಲು ಹೋದ ತಿಂಗಳಷ್ಟೇ ಬಂದ್ರೆ ಹಿಮ ಕರಗೋವರೆಗೆ ಕಾರ್ಯಾಗಾರಕ್ಕೆ ಬೀಗ. ನಿಮ್ಮ ಉಳಿ, ಅಂಟು, ಮರದ ಹೊಟ್ಟು ಯಾವುದೂ ನನ್ನ ಅಡುಗೆಮನೆಗೆ ಬರಕೂಡದು."

ಬೀಗ ಬಿದ್ದರೆ ಬೀಗರ ಮುಂದೆ ತಲೆಯೆತ್ತುವಂತಿರಲಿಲ್ಲ. ಮಗಳು ಜಿಬೆಕಳ ಮಾವ ಎಸೆನ್‌ಗುಲ್ ನರೀನ್ ಪಟ್ಟಣದಲ್ಲಿ ಸಂಗೀತದ ಮೇಷ್ಟರು. ತಮ್ಮ ಕೈಗೆಂದೇ ಒಂದು ಕೋಮುಜ್ ಬೇಕೆಂದು ಹೇಳಿಕಳಿಸಿದ್ದರು. ಶನಿವಾರ ತಾವೇ ಬಂದು ಒಯ್ಯುವವರಿದ್ದರು. ಜರ್ದಾಲು ಮರದ ಒಡಲು ತಯಾರಾಗಿತ್ತು. ಮೇಲುಹಲಗೆ ಅಂಟಿಸುವುದೊಂದು ಬಾಕಿ. ಚಳಿಯಲ್ಲಿ ಆ ಅಂಟು ಹಿಡಿಯುವುದಿಲ್ಲ.

ಒರೋಜ್ ಅದೇ ದಿನ ಪೇಟೆಗೆ ಹೋದ. ಅಂಗಡಿಯ ಗುಲ್ಸಾರಾ ಅವನ ಮುಂದೆ, ಚಳಿ ನೋಡಿ ಹೀಟರನ್ನು ತಾನೇ ಉರಿಸಿ ಆರಿಸುವ ಮೂರು ಥರ್ಮೋಸ್ಟಾಟ್ ಇಟ್ಟಳು. ಮೊದಲನೆಯದಕ್ಕೆ ತಿರುಗಿಸುವ ಬಿರಡೆ. "ಇದು ನಮ್ಮಪ್ಪನ ಕಾಲದ್ದು," ಎಂದು ಒರೋಜ್ ತಳ್ಳಿದ. ಎರಡನೆಯದಕ್ಕೆ ಉದ್ದನೆಯ ತಂತಿ. "ಇದು ಕಟ್ಟಿಹಾಕಿದ ಕುದುರೆ!" ಮೂರನೆಯದು ಬೆಳ್ಳಗೆ, ಅಂಗೈಯಗಲ, ತಂತಿಯೇ ಇಲ್ಲ. ವಾರದ ಏಳು ದಿನಕ್ಕೂ ಬೇರೆ ಬೇರೆ ಗಂಟೆ ಹೊಂದಿಸಬಹುದು. ಕೆಲಸದ ಹೊತ್ತಿಗೆ ಬಿಸಿ, ಉಳಿದ ಹೊತ್ತು ಹೀಟರಿಗೆ ವಿಶ್ರಾಂತಿ. ತಾನಿರುವ ಜಾಗದ ಚಳಿ ಅಳೆದು, ಕೋಣೆಯ ನಡುವೆ ನಿಂತ ಹೀಟರಿಗೆ ಅಲ್ಲಿಂದಲೇ ಆಜ್ಞೆ ಕೊಡುತ್ತದೆ.

"ಎಲ್ಲಿ ಬೇಕಾದ್ರೂ ತೂಗುಹಾಕಬಹುದಾ, ತಂಗಿ?"

"ಹಾಕಬಹುದು ಅಣ್ಣಾ. ಆದ್ರೆ ನೀವು ಕೆಲಸ ಮಾಡೋ ಕಡೆ..."

ಮಾತಿನ ಮೊದಲರ್ಧ ಒರೋಜನ ಕಿವಿಗೆ ಬಿತ್ತು. ಉಳಿದರ್ಧ ಬರುವ ಹೊತ್ತಿಗೆ ಅವನು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಮೈಮರೆತಿದ್ದ.

"ದಿನಾ ಕೆಲಸ ಎಷ್ಟೊತ್ತಿಂದ ಎಷ್ಟೊತ್ತಿಗೆ? ಹೊಂದಿಸಿಯೇ ಕೊಡ್ತೀನಿ."

"ಎಂಟರಿಂದ ಆರು! ಏಳೂ ದಿನ!"

ಕಾರ್ಯಾಗಾರವೆಂದರೆ ಅಂಗಳದಾಚೆಯ ಉದ್ದನೆಯ ಕೋಣೆ. ಬಾಗಿಲ ಪಕ್ಕ, ಕಿಟಕಿಯ ಬೆಳಕಿಗೆ ಕೆಲಸದ ಮೇಜು. ಆ ತುದಿಯಲ್ಲಿ, ಬಾಗಿಲಿಗೆ ಎದುರಾದ ಗೋಡೆಯ ಕೆಳಗೆ ಬಣ್ಣದ ಉಣ್ಣೆಹಾಸು. ಅದು ತೋರ್, ಹಿರಿಯರ ಜಾಗ.

"ಮೇಜಿನ ಮೇಲಿನ ಗೋಡೇಲಿ ಮೊಳೆ ಇದೆಯಲ್ಲ, ಅಲ್ಲೇ ಹಾಕಿ," ಎಂದಳು ಬುರುಲ್.

"ಬಾಗಿಲ ಹತ್ರಾನಾ? ಅಲ್ಲಿ ಕೂರೋರು ಚಹಾ ಬಗ್ಗಿಸೋ ಹೆಂಗಸರು. ಇಂಥ ಘನವಂತನನ್ನ ಅಲ್ಲಿ ಕೂರಿಸಿದ್ರೆ ಜನ ಏನಂದಾರು?"

ಥರ್ಮೋಸ್ಟಾಟ್ ತೋರ್‌ನ ಗೋಡೆಗೇರಿತು. ಕೂತವರ ಕಣ್ಣಿಗೂ ಬೀಳಲಿ ಎಂದು ಒರೋಜ್ ಅದನ್ನು ಭುಜದೆತ್ತರಕ್ಕೆ ತೂಗುಹಾಕಿ, ಸುತ್ತ ಕಸೂತಿಯ ಬಟ್ಟೆಯನ್ನೂ ಇಳಿಬಿಟ್ಟ.

"ಇನ್ನು ದೊಡ್ಡ ನೆಂಟರಿಗೆ ಇಡೋ ಹಾಗೆ ಅದರ ಮುಂದೆ ಬೇಯಿಸಿದ ಕುರಿತಲೆ ಇಡೋದೊಂದು ಬಾಕಿ," ಎಂದಳು ಬುರುಲ್.

ಸುದ್ದಿ ಹರಡಿತು. ನೆರೆಮನೆಯ ಶರ್ಷೆನ್ ಅಣ್ಣ ಮೊದಲು ಬಂದರು. ಒಂದು ಕಾಲಕ್ಕೆ ಟ್ರ್ಯಾಕ್ಟರ್ ಓಡಿಸುತ್ತಿದ್ದವರು. ಈಗ ಅವರೇ ಟ್ರ್ಯಾಕ್ಟರಿನ ಗಾತ್ರ. ಕುರಿಚರ್ಮದ ಕೋಟಿನಲ್ಲಿ ತೋರ್‌ಗೆ ಹೋಗಿ, ಥರ್ಮೋಸ್ಟಾಟಿಗೆ ಬೆನ್ನು ಕೊಟ್ಟು ಕೂತರು. ಅವರ ಎಡಬಲಕ್ಕೆ ಇನ್ನೂ ನಾಲ್ವರು ಕೋಟಿನವರು. ಮುಂದೆ ಕುದಿಯುವ ಸಮೋವರ್, ಚಹಾದ ಹಂಡೆ. ಆಗಾಗ ಒಬ್ಬೊಬ್ಬರೇ ಕತ್ತು ಹೊರಳಿಸಿ ಯಂತ್ರದ ಅಂಕಿ ಓದಿ ತಲೆದೂಗುತ್ತಿದ್ದರು.

"ಇಪ್ಪತ್ತಾರು! ಹೀಟರ್ ಮಾತ್ರ ತಣ್ಣಗಿದೆ! ಏನ್ ಬುದ್ಧಿ ಅಂತೀನಿ!"

"ಉರಿಯದೇ ಬಿಸಿ ಮಾಡುತ್ತಲ್ಲಪ್ಪಾ!"

ಒರೋಜ್ ಹಿಗ್ಗಿ ಹೀರೇಕಾಯಿಯಾದ. ದಿನವೂ ಅವರು ಬಂದರು, ದಿನವೂ ಅಂಕಿ ಇಪ್ಪತ್ತಾರರ ಆಸುಪಾಸು, ದಿನವೂ ಹೀಟರ್ ತೆಪ್ಪಗೆ. ಹರಟೆಯ ನಡುವೆ ಆಗೊಮ್ಮೆ ಈಗೊಮ್ಮೆ ಮೇಜಿನ ಬಳಿ ಬಂದಾಗ ಅವನು ಕೈಗವಸು ಹಾಕಿಕೊಂಡು ಉಳಿ ಹಿಡಿಯುತ್ತಿದ್ದ. ಮೂಗಿನ ತುದಿ ಬೀಟ್‌ರೂಟ್ ಆಗಿತ್ತು.

"ಅಲ್ಲಿ ಬಗ್ಗಿಸಿದ ಚಹಾ ಇಲ್ಲಿಗೆ ಬರೋಷ್ಟರಲ್ಲಿ ಆರುತ್ತೆ ಕಣ್ರೀ," ಎಂದಳು ಬಾಗಿಲ ಬಳಿ ಕೂತ ಬುರುಲ್.

"ನಿನಗೆ ಶೀತ ಆಗಿದೆ. ಯಂತ್ರ ಇಪ್ಪತ್ತಾರು ಅಂತಿದೆ. ಯಂತ್ರ ಸುಳ್ಳು ಹೇಳುತ್ತಾ?"

ಆ ನಂಬಿಕೆಯಲ್ಲೇ ಅವನು ಮೇಲುಹಲಗೆ ಅಂಟಿಸಿದ.

ಶನಿವಾರ ಬೀಗರು ಬಂದರು. ಅವರನ್ನು ತೋರ್‌ನಲ್ಲಿ ಶರ್ಷೆನ್ ಅಣ್ಣನ ಪಕ್ಕ ಕೂರಿಸಿದ್ದಾಯಿತು, ಯಂತ್ರದ ಗುಣಗಾನವೂ ಆಯಿತು. ಒರೋಜ್ ಎರಡೂ ಕೈಯಲ್ಲಿ ಕೋಮುಜ್ ಒಪ್ಪಿಸಿದ. ಎಸೆನ್‌ಗುಲ್ ಮರವನ್ನು ಸವರಿದರು, ಮೆಚ್ಚಿದರು, ತಂತಿ ಬಿಗಿದರು, ಮೀಟಿದರು. ತಟಕ್! ಮೇಲುಹಲಗೆ ಒಂದು ಬದಿಯಿಂದ ಎದ್ದು ನಿಂತಿತು.

ನೆಲ ಬಾಯಿಬಿಡಬಾರದೇ ಅನ್ನಿಸಿತು ಒರೋಜನಿಗೆ. ಬಾಯಿಬಿಟ್ಟದ್ದು ಕೋಮುಜ್ ಮಾತ್ರ.

"ಹಾಡೋಕೆ ಮುಂಚೆ ಆಕಳಿಸ್ತಿದೆ," ಎಂದರು ಬೀಗರು ಮೆಲ್ಲಗೆ. ದೊಡ್ಡ ಮನುಷ್ಯರು.

ಬುರುಲ್ ಎದ್ದಳು. ಶರ್ಷೆನ್ ಅಣ್ಣನ ಹಿಂದೆ ಕೈ ಹಾಕಿ ಥರ್ಮೋಸ್ಟಾಟ್ ಬಿಡಿಸಿಕೊಂಡಳು.

"ಅಯ್ಯೋ, ತೋರ್‌ನಿಂದ ಎಬ್ಬಿಸ್ತೀಯೇನೇ!" ಎಂದ ಒರೋಜ್.

"ನೆಂಟರನ್ನ ಎಬ್ಬಿಸೋ ಹಾಗಿಲ್ಲ. ಇದನ್ನ ಎಬ್ಬಿಸಬಹುದು." ಅದನ್ನು ಒಯ್ದು ಮೇಜಿನ ಮೇಲಿನ ಮೊಳೆಗೆ ತೂಗುಹಾಕಿದಳು. "ಪಾಪ, ಇದು ಸುಳ್ಳು ಹೇಳಿಲ್ಲ. ಇಷ್ಟು ದಿನ ಶರ್ಷೆನ್ ಅಣ್ಣನ ಬೆನ್ನಿನ ಶಾಖ ಅಳೀತಿತ್ತು, ಅಷ್ಟೇ. ಚಳಿ ಎಷ್ಟಿದೆ ಅಂತ ಕೇಳ್ಬೇಕಾದ್ರೆ ಚಳೀಲಿ ಕೂತವರನ್ನ ಕೇಳ್ಬೇಕು."

ಎಲ್ಲರೂ ನೋಡುತ್ತಿದ್ದಂತೆ ಅಂಕಿ ಇಳಿಯಿತು. ಇಪ್ಪತ್ತು, ಹದಿನಾಲ್ಕು, ಒಂಬತ್ತು, ನಾಲ್ಕು. ಕೋಣೆಯ ನಡುವೆ ಹೀಟರ್ 'ಟಿಕ್' ಎಂದು ಕಣ್ಣುಬಿಟ್ಟಿತು.

"ನಾನು ಇಪ್ಪತ್ತಾರು ಡಿಗ್ರಿ ಇದ್ದೀನಾ!" ಎಂದು ಶರ್ಷೆನ್ ಅಣ್ಣ ಹೆಮ್ಮೆಯಿಂದ ಮೀಸೆ ನೀವಿಕೊಂಡರು.

ಬೀಗರನ್ನು ಬರಿಗೈಯಲ್ಲಿ ಕಳಿಸುವ ಮಾತೇ ಇರಲಿಲ್ಲ. ಅವರು ಉಳಿದರು, ಕುರಿ ಬೆಂದಿತು. ಬೆಚ್ಚಗಾದ ಮೇಜಿನ ಮೇಲೆ ಹಲಗೆ ಮತ್ತೆ ಅಂಟಿತು. ಮರುದಿನ ಎಸೆನ್‌ಗುಲ್ ನುಡಿಸಿದಾಗ ಶರ್ಷೆನ್ ಅಣ್ಣ ಕೂಡ ಚಹಾ ಸೊರ್ ಎನ್ನಿಸುವುದನ್ನು ನಿಲ್ಲಿಸಿ ಕೇಳಿದರು. "ಇಂಥ ನಾದ ನನ್ನ ಕೈಗೆ ಬಂದಿರಲಿಲ್ಲ," ಎಂದರು ಬೀಗರು. ಒರೋಜ್ ಮೊದಲ ಸಲ ಯಂತ್ರವನ್ನು ಬಿಟ್ಟು ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿದ.

ಅವಳು ಯಂತ್ರದ ಗುಂಡಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.

"ಜಾಗ ಸರಿಹೋಯ್ತು. ಈಗ ಗಂಟೆ. ಎಂಟರಿಂದ ಆರು ಅಂತಿದೆ ಇದರಲ್ಲಿ. ಬೀಗರ ಎದುರು ಸುಳ್ಳು ಬೇಡ. ಕೆಲಸಕ್ಕೆ ಕೂರೋದು ಎಷ್ಟೊತ್ತಿಗೆ?"

ಒರೋಜ್ ಸೂರು ನೋಡಿದ. "ಚಹಾ ಆದ್ಮೇಲೆ."

"ಚಹಾ ಮುಗಿಯೋದು?"

"ಹನ್ನೊಂದಕ್ಕೆ."

"ಕೆಲಸದಿಂದ ಏಳೋದು?"

"ಶರ್ಷೆನ್ ಅಣ್ಣ ಬಂದಾಗ."

ಬುರುಲ್ ತೋರ್ ಕಡೆ ತಿರುಗಿದಳು. "ಅಣ್ಣಾ, ನೀವು ಬರೋದು?"

"ನಾನಾ? ಹನ್ನೊಂದೂವರೆಗೆ," ಎಂದರು ಶರ್ಷೆನ್ ಅಣ್ಣ, ಪ್ರಾಮಾಣಿಕವಾಗಿ.

ಬುರುಲ್ ಆ ಅರ್ಧ ಗಂಟೆಯನ್ನಷ್ಟೇ ಹೊಂದಿಸಿದಳು. ಹೀಟರ್ ಆರಿತು. ಅವಳು ಗಂಡನಿಗೆ ತುಂಬು ಗೌರವದಿಂದ ಚಹಾ ಬಗ್ಗಿಸಿದಳು.

"ನೀವು ಹೇಳಿದ್ದೇ ನಿಜ ಕಣ್ರೀ. ಇನ್ನು ಕರೆಂಟಿನವರು ಬೇಡ್ಕೊಂಡು ಬರೋದು ಖಂಡಿತ!"