ಹದಿನೇಳು ವರ್ಷ ಬಾಕಿ: ಪಡಸಾಲೆಯ ಕಪ್ಪು ಡಬ್ಬಿಯವರಿಗೊಂದು ಅಹವಾಲು

ಮಾನ್ಯ ಕಪ್ಪು ಡಬ್ಬಿಯವರ ಸಮಕ್ಷಮಕ್ಕೆ,
ಫೈಲು ಸಂಗ್ರಹ ಮತ್ತು ವಿಳಂಬ ಇಲಾಖೆ,
ಪಡಸಾಲೆಯ ಕಪಾಟು, ಕೆಳಗಿನಿಂದ ಎರಡನೆಯ ಹಲಗೆ.

ಮಾನ್ಯರೇ,

ತಮ್ಮ ನಾಲ್ಕೂ ಹಸಿರು ದೀಪಗಳು ಎಂದಿನಂತೆ ಮಿಣುಕುತ್ತಿವೆಯೆಂದೂ, ತಮ್ಮ ಹೊಟ್ಟೆಯೊಳಗಿನ ಫ್ಯಾನು ಆಯಾಸವಿಲ್ಲದೆ ಗುಂಯ್‌ಗುಡುತ್ತಿದೆಯೆಂದೂ ನಂಬಿ, ತಮ್ಮ ಆರೋಗ್ಯವನ್ನು ಮೊದಲು ವಿಚಾರಿಸಿಕೊಂಡು, ಕಳೆದ ವಾರದ ಮಂಗಳವಾರದಿಂದ ಶನಿವಾರದವರೆಗೆ ನಮ್ಮಿಬ್ಬರ ನಡುವೆ ನಡೆದದ್ದನ್ನು ಬಹಿರಂಗವಾಗಿ ತಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ನಾನು ಗಡಿಯಾರ ರಿಪೇರಿ ಮಾಡಿ ಬದುಕುವವನು. ಮೂವತ್ತು ವರ್ಷಗಳಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ದಿನಕ್ಕೆ ಎರಡು ಸೆಕೆಂಡು ಹಿಂದೆ ಬೀಳುವ ಗಡಿಯಾರಗಳನ್ನು ದಾರಿಗೆ ತಂದವನು. ಹಾಗಾಗಿ ಕಾಲದ ವಿಷಯದಲ್ಲಿ ನನಗೆ ಸ್ವಲ್ಪ ಮುಂಗೋಪವಿದೆ ಎಂಬುದನ್ನು ತಾವು ಆರಂಭದಲ್ಲೇ ಕ್ಷಮಿಸಬೇಕು.

ಮನೆಯ ಫೋಟೊ, ವಿಡಿಯೊ, ಕಾಗದಪತ್ರಗಳೆಲ್ಲ ಒಂದೇ ಕಡೆ ಭದ್ರವಾಗಿರಲಿ, ಯಾವ ಕೋಣೆಯಲ್ಲಿ ಕೂತರೂ ಕೈಗೆ ಸಿಗಲಿ ಎಂಬ ಆಸೆಯಿಂದ ತಮ್ಮನ್ನು ಎರಡು ವರ್ಷಗಳ ಹಿಂದೆ ಮನೆಗೆ ಬರಮಾಡಿಕೊಂಡವಳು ನನ್ನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳು ತಮ್ಮನ್ನು ತಂದದ್ದು ಮುಖ್ಯವಾಗಿ ತನ್ನ ಒಡಹುಟ್ಟಿದ ತಮ್ಮನಿಗಾಗಿ, ಅಂದರೆ ನನ್ನ ಭಾವಮೈದನಿಗಾಗಿ. ಅವನು ಇಪ್ಪತ್ತೆರಡು ವರ್ಷ ನಮ್ಮೂರ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಸಾರಿದವನು. ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಅವನ ಮಾತು ನಿಂತುಹೋಯಿತು. ಕೈಕಾಲು ಚೆನ್ನಾಗಿದ್ದವು, ಬುದ್ಧಿ ಚುರುಕಾಗಿತ್ತು, ಬಾಯಿಗೆ ಮಾತ್ರ ಪದ ಬರುತ್ತಿರಲಿಲ್ಲ. ಮಾತು ಕಲಿಸುವ ವೈದ್ಯೆ ಅವನನ್ನು ಪರೀಕ್ಷಿಸಿ, ಹೇಳಲಾಗದ್ದನ್ನು ರಾಗವಾಗಿ ಹಾಡಿ ನೋಡಲಿ, ಕೆಲವರಿಗೆ ಮಾತು ಆ ದಾರಿಯಿಂದ ವಾಪಸು ಬರುತ್ತದೆ ಎಂದರು. ಅಂದಿನಿಂದ ಅವನು ನಮ್ಮ ಮನೆಯಲ್ಲೇ ಇದ್ದಾನೆ. ದಿನಾ ಊಟದ ಮೇಜಿನ ಮುಂದೆ ಅಕ್ಕ ಚಿತ್ರದ ಕಾರ್ಡು ಹಿಡಿಯುತ್ತಾಳೆ, ಅವನು ಆ ಚಿತ್ರದ ಹೆಸರು ಹೇಳುತ್ತಾನೆ, ಅವಳ ಫೋನು ಅದನ್ನು ಚಿತ್ರಿಸಿಕೊಳ್ಳುತ್ತದೆ. ಹೀಗೆ ಆರುನೂರ ಹನ್ನೊಂದು ವಿಡಿಯೊಗಳು ತಮ್ಮ ಉದರಕ್ಕೆ ಸೇರಿದವು. ನುಂಗುವಾಗ ತಾವು ಚೂರೂ ತಕರಾರು ಮಾಡಲಿಲ್ಲ ಎಂಬುದನ್ನು ನಾನಿಲ್ಲಿ ಕೃತಜ್ಞತೆಯಿಂದ ನೆನೆಯುತ್ತೇನೆ.

ಕಳೆದ ವಾರ ಸೋಮವಾರ ಬಸ್ ನಿಲ್ದಾಣದ ಮೇಲ್ವಿಚಾರಕರಿಂದ ಒಂದು ಕಾಗದ ಬಂತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವರ ಸಮಿತಿ ಕೂರುತ್ತದೆ, ಘೋಷಕರು ಮತ್ತೆ ಮೈಕಿನ ಮುಂದೆ ಕೂರಲು ಯೋಗ್ಯರೋ ಅಲ್ಲವೋ ತೀರ್ಮಾನಿಸುತ್ತದೆ, ಚಿಕಿತ್ಸೆಯ ಎಲ್ಲ ವಿಡಿಯೊಗಳನ್ನೂ ಒಂದು ಡಿಸ್ಕಿನಲ್ಲಿ ಹಾಕಿ ತರತಕ್ಕದ್ದು ಎಂದು ಅದರಲ್ಲಿತ್ತು. ಭಾವಮೈದ ಆ ಕಾಗದವನ್ನು ನಾಲ್ಕು ಸಲ ಓದಿದ. ಆಮೇಲೆ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡವನು, ಶನಿವಾರದವರೆಗೆ ಅಂಗಿ ಬದಲಾಯಿಸಿದಾಗಲೆಲ್ಲ ಅದನ್ನೂ ಹೊಸ ಜೇಬಿಗೆ ಬದಲಾಯಿಸಿದ.

ಆ ವಿಡಿಯೊಗಳನ್ನೆಲ್ಲ ಕಂಪ್ಯೂಟರಿಗೆ ಸಿಕ್ಕಿಸಿದ ಡಿಸ್ಕಿಗೆ ಕಳಿಸಿಕೊಡಬೇಕೆಂದು ಮಂಗಳವಾರ ಬೆಳಿಗ್ಗೆ ನಾವು ತಮ್ಮಲ್ಲಿ ವಿನಂತಿಸಿಕೊಂಡೆವು. ಬಾಕಿ ಸಮಯ ನಾಲ್ಕು ನಿಮಿಷ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾನು ಸಂತೋಷದಿಂದ ಚಹಾ ಮಾಡಲು ಹೋದೆ. ವಾಪಸು ಬರುವಷ್ಟರಲ್ಲಿ ಆ ನಾಲ್ಕು ನಿಮಿಷ ಒಂಬತ್ತು ಗಂಟೆಯಾಗಿತ್ತು. ಚಹಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹದಿನೇಳು ವರ್ಷವಾಗಿತ್ತು. ಮಾನ್ಯರೇ, ನನ್ನ ಕಸುಬಿನಲ್ಲಿ ಯಾವ ಗಡಿಯಾರವೂ, ನೀರಿಗೆ ಬಿದ್ದದ್ದೂ, ಎಮ್ಮೆ ತುಳಿದದ್ದೂ ಸಹ, ಒಂದು ಲೋಟ ಚಹಾದ ಅವಧಿಯಲ್ಲಿ ಹದಿನೇಳು ವರ್ಷದ ವ್ಯತ್ಯಾಸ ತೋರಿಸಿಲ್ಲ. ಹದಿನೇಳು ವರ್ಷಕ್ಕೆ ಭಾವಮೈದ ನಿವೃತ್ತನಾಗಿರುತ್ತಾನೆ, ಮೇಲ್ವಿಚಾರಕರೂ ನಿವೃತ್ತರಾಗಿರುತ್ತಾರೆ, ಪ್ರಾಯಶಃ ಬಸ್ಸುಗಳೂ ನಿವೃತ್ತಿ ಹೊಂದಿರುತ್ತವೆ. ಇಷ್ಟು ದೂರದ ಭವಿಷ್ಯವನ್ನು ಇಷ್ಟು ಧೈರ್ಯದಿಂದ ನುಡಿಯುವ ತಮ್ಮ ದೂರದೃಷ್ಟಿಗೆ ನಾನು ತಲೆಬಾಗಿದೆ. ಅಷ್ಟರಲ್ಲಿ ತಾವು 'ದೋಷ ಸಂಭವಿಸಿದೆ' ಎಂದು ಹೇಳಿ ಕೆಲಸವನ್ನೇ ನಿಲ್ಲಿಸಿಬಿಟ್ಟಿರಿ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಕಂಪ್ಯೂಟರ್ ಅಂಗಡಿಯವರಿಗೆ ಫೋನು ಮಾಡಿದೆ. ಅವರು ಪಕ್ಕದೂರಿನ ಮದುವೆಯೊಂದರಲ್ಲಿ ಬಡಿಸುತ್ತ ನಿಂತಿದ್ದರು, ಸೋಮವಾರದ ತನಕ ಬರುವುದಿಲ್ಲ ಎಂದರು. ಪುಣ್ಯಾತ್ಮರು, ಆದರೂ ಪಂಕ್ತಿ ಪಂಕ್ತಿಗಳ ನಡುವೆ ಸಲಹೆ ಕೊಟ್ಟರು. ಮೊದಲು ತಮ್ಮನ್ನು ಆರಿಸಿ ಹಚ್ಚಲು ಹೇಳಿದರು, ಆರಿಸಿ ಹಚ್ಚಿದೆವು. ವೈಫೈ ನಂಬಬೇಡಿ, ಕೇಬಲಿನಲ್ಲೇ ಕಳಿಸಿ ಎಂದರು. ಕೇಬಲ್ ಇದ್ದೇ ಇತ್ತು. ತಾವಿರುವುದು ಪಡಸಾಲೆಯಲ್ಲಿ, ಕಂಪ್ಯೂಟರ್ ಇರುವುದು ಬಚ್ಚಲುಮನೆಯ ಆಚೆಯ ಕೋಣೆಯಲ್ಲಿ. ಆ ನೀಲಿ ಕೇಬಲ್ ಬಚ್ಚಲ ಬಾಗಿಲಿನ ಸಂದಿಯಲ್ಲಿ ಒಳಹೊಕ್ಕು, ಗೋಡೆಯ ತೂತಿನಿಂದ ಆ ಕೋಣೆಗೆ ಹೋಗುತ್ತದೆ. ತಮಗೆ ಸೆಕೆಯಾಗುತ್ತಿರಬಹುದು ಎಂದದ್ದಕ್ಕೆ ಒದ್ದೆ ಬಟ್ಟೆ ಕಪಾಟಿನ ಪಕ್ಕ ಕಟ್ಟಿ ಮೇಜಿನ ಫ್ಯಾನು ತಮ್ಮತ್ತ ತಿರುಗಿಸಿದೆವು. ನಾವು ಮೂವರೂ ರಟ್ಟಿನಿಂದ ಗಾಳಿ ಹಾಕಿಕೊಂಡೆವು. ತಮ್ಮ ಡಿಸ್ಕು ಹಳತಾಗಿರಬಹುದು ಎಂದದ್ದಕ್ಕೆ ತಮ್ಮಿಂದಲೇ ತಮ್ಮ ಆರೋಗ್ಯ ಪರೀಕ್ಷೆ ಮಾಡಿಸಿದೆವು. ತಾವೇ ತಮ್ಮನ್ನು ಪರೀಕ್ಷಿಸಿಕೊಂಡು ತಾವು ಸಂಪೂರ್ಣ ಆರೋಗ್ಯವಂತರೆಂದು ತಾವೇ ಪ್ರಮಾಣಪತ್ರ ಕೊಟ್ಟುಕೊಂಡಿರಿ. ಇಂಥ ಆತ್ಮವಿಶ್ವಾಸ ನಮ್ಮ ಆಸ್ಪತ್ರೆಯ ರೋಗಿಗಳಲ್ಲಿ ಒಬ್ಬರಿಗೂ ಇಲ್ಲವೆಂದು ನನ್ನ ಹೆಂಡತಿ ಹೇಳಿದಳು.

ಬುಧವಾರದಿಂದ ಅವಳು ತಮ್ಮ ಪಕ್ಕದ ಗೋಡೆಗೆ ಒಂದು ಜ್ವರದ ಚಾರ್ಟು ಅಂಟಿಸಿದಳು. ಡ್ಯೂಟಿ ಇಲ್ಲದ ಹೊತ್ತಿನಲ್ಲೆಲ್ಲ ಗಂಟೆಗೊಮ್ಮೆ ಬಂದು, ತಮ್ಮ ವೇಗ ನೋಡಿ, ಕೆಂಪು ಪೆನ್ನಿನಲ್ಲಿ ಚುಕ್ಕೆ ಇಟ್ಟು, ಚುಕ್ಕೆಗೆ ಚುಕ್ಕೆ ಕೂಡಿಸಿ ಗೆರೆ ಎಳೆದಳು. ಗುರುವಾರ ಮಧ್ಯಾಹ್ನಕ್ಕೆ ಆ ಗೆರೆ ನೋಡಿದರೆ ಯಾರಿಗಾದರೂ ಹೊಳೆಯುವಂತಿತ್ತು. ಬೆಳಿಗ್ಗೆ ಏಳಕ್ಕೆ ತಾವು ಪಾತಾಳಕ್ಕೆ ಇಳಿಯುತ್ತಿದ್ದಿರಿ, ಮಧ್ಯಾಹ್ನ ಒಂದಕ್ಕೆ ಇಳಿಯುತ್ತಿದ್ದಿರಿ, ಸಂಜೆ ಆರಕ್ಕೆ ಇಳಿಯುತ್ತಿದ್ದಿರಿ. ಆ ಮೂರೂ ಹೊತ್ತಿನಲ್ಲಿ ಭಾವಮೈದ ಬಚ್ಚಲುಮನೆಯಲ್ಲಿ ಇರುತ್ತಿದ್ದ.

ಅವನು ಅಲ್ಲಿ ಏನು ಮಾಡುತ್ತಾನೆಂದು ಹೇಳಬೇಕು. ಸ್ನಾನಕ್ಕೆ ಅವನಿಗೆ ಐದು ನಿಮಿಷ ಸಾಕು. ಮಿಕ್ಕ ಮುಕ್ಕಾಲು ಗಂಟೆ ಚಿಲಕ ಹಾಕಿಕೊಂಡು, ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿ, ಆ ಸದ್ದಿನ ಮರೆಯಲ್ಲಿ ಬಸ್ಸುಗಳ ಹೆಸರನ್ನು ಹಾಡಿಕೊಳ್ಳುತ್ತಾನೆ. ಕಾರ್ಡು ನೋಡಿ 'ಬೆಕ್ಕು', 'ಕೊಡೆ' ಎನ್ನುವುದನ್ನು ಅಕ್ಕನ ಮುಂದೆ ಮಾಡುತ್ತಾನೆ. ಬಸ್ಸುಗಳನ್ನು ಮಾತ್ರ ಯಾರ ಮುಂದೆಯೂ ಸಾರುವುದಿಲ್ಲ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಕೇಳುವಂತೆ ಸಾರಿದ್ದನ್ನು ಈಗ ತಡವರಿಸುತ್ತ ಹೇಳಲು ಅವನಿಗೆ ನಾಚಿಕೆ. ನಮಗೆ ಇದು ಗೊತ್ತು, ನಮಗೆ ಗೊತ್ತೆಂಬುದು ಅವನಿಗೂ ಗೊತ್ತು, ಯಾರೂ ಮಾತೆತ್ತಿರಲಿಲ್ಲ.

ಅಂಗಡಿಯವರು ಪಾಯಸದ ಪಾತ್ರೆ ಹಿಡಿದುಕೊಂಡೇ ಯೋಚಿಸಿ, ನೀರು ಕಾಯಿಸುವ ಹೀಟರಿನದೇ ಕರಾಮತ್ತು ಎಂದರು. ಭಾವಮೈದ ಗುರುವಾರ ಮಧ್ಯಾಹ್ನ ತಣ್ಣೀರಿನಲ್ಲಿ ಮಿಂದ. ತಾವು ಕದಲಲಿಲ್ಲ. ಆಗ ನಾನು, ಗಡಿಯಾರದ ಒಳಗಿನ ಕೂದಲೆಳೆಯಷ್ಟು ತೆಳು ಸ್ಪ್ರಿಂಗನ್ನು ಕಣ್ಣಲ್ಲೇ ಅಳೆಯುವ ನಾನು, ಅವನ ದನಿಯ ಕಂಪನ ಗೋಡೆಯ ಮೂಲಕ ತಮ್ಮನ್ನು ತಲುಪಿ ತಮ್ಮ ಏಕಾಗ್ರತೆಯನ್ನು ಕೆಡಿಸುತ್ತಿದೆ ಎಂಬ ಸಿದ್ಧಾಂತವನ್ನು ಮಂಡಿಸಿದೆ. ಕೆಲಸ ಮುಗಿಯುವ ತನಕ ಹಾಡಬೇಡ, ಬಚ್ಚಲಿಗೇ ಹೋಗಬೇಡ ಎಂದು ಅವನಿಗೆ ಊಟದ ಮೇಜಿನಲ್ಲಿ ಹೇಳಿದೆ. ಅವನು ಜೇಬು ಮುಟ್ಟಿ ನೋಡಿಕೊಂಡು ತಲೆಯಾಡಿಸಿದ. ಅಂದು ಸಂಜೆ ಆರಕ್ಕೆ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡಿದ.

ಶುಕ್ರವಾರ ಬೆಳಿಗ್ಗೆ ಚಹಾ ಕೊಟ್ಟಾಗ ಅವನಿಗೆ ಸಕ್ಕರೆ ಬೇಕಿತ್ತು. 'ಸ' ಎಂದ. ಮತ್ತೆ 'ಸ' ಎಂದ. ಹೋದ ತಿಂಗಳೆಲ್ಲ ಸರಾಗವಾಗಿ ಬರುತ್ತಿದ್ದ ಪದ ಅದು. ಮೇಜನ್ನು ಬೆರಳಿನಿಂದ ಮೂರು ಸಲ ತಟ್ಟಿದ, ಆಮೇಲೆ ಬಿಟ್ಟುಕೊಟ್ಟು ಸಪ್ಪೆ ಚಹಾವನ್ನೇ ಕುಡಿದು ಎದ್ದುಹೋದ. ನನ್ನ ಹೆಂಡತಿ ಅವನು ಹೋಗುವ ತನಕ ಕಾದಳು.

"ಆ ಡಬ್ಬಿಗೋಸ್ಕರ ನನ್ನ ತಮ್ಮನ ಬಾಯಿ ಮುಚ್ಚಿಸಿದ್ರಲ್ಲ ರೀ," ಎಂದಳು. "ನಾಳೆ ಅಲ್ಲಿ ಹೋಗಿ ಮಾತಾಡ್ಬೇಕಾಗಿರೋದು ಡಬ್ಬಿನಾ, ಅವನಾ?"

ಸಿಕ್ಕಿಬಿದ್ದ ಗಂಡಸು ಮಾಡುವ ಹಾಗೆ ನಾನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದೆ. ಸರಿಯಾಗಿ ಹತ್ತು ಗಂಟೆಗೆ, ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾಗ, ಚುಕ್ಕೆ ಇಡಲು ಬಂದ ಹೆಂಡತಿ ತಾವು ಮತ್ತೆ ಪಾತಾಳಕ್ಕೆ ಇಳಿದದ್ದು ನೋಡಿ ಹೊರಗಿನಿಂದ ಬಾಗಿಲು ಬಡಿದಳು. ನಾನು ಹಾಡುತ್ತಿದ್ದೇನೆಯೇ ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಬಾಗಿಲು ತೆಗೆಯಿರಿ ಎಂದಳು. ಟವೆಲ್ಲು ಸುತ್ತಿಕೊಂಡು ತೆಗೆದೆ. ಅವಳು ತಮ್ಮ ವೇಗ ನೋಡಿ, ಈಗ ಹಾಕಿ ಎಂದಳು. ಹಾಕಿದೆ. ತೆಗೆಯಿರಿ ಎಂದಳು. ಹೀಗೆ ಹನ್ನೊಂದು ಸಲ. ಬಾಗಿಲು ತೆಗೆದರೆ ತಾವು ಕುದುರೆ, ಚಿಲಕ ಹಾಕಿದರೆ ತಾವು ಬಸವನಹುಳು. ಮೈ ಮೇಲಿನ ಸೋಪು ಒಣಗಿ ಬಿರಿಯುತ್ತಿರುವಾಗ ನಾನು ನನ್ನ ಕಸುಬಿನ ಭೂತಗನ್ನಡಿ ತರಿಸಿ ಕಣ್ಣಿಗೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತು ಬಾಗಿಲಿನ ಕೀಲು ಪರೀಕ್ಷಿಸಿದೆ. ನೀಲಿ ಕೇಬಲ್ ಅಲ್ಲಿ ಸಿಕ್ಕಿಕೊಂಡು ಅಪ್ಪಚ್ಚಿಯಾಗಿತ್ತು. ಸಿಪ್ಪೆ ಒಡೆದು ಒಳಗಿನ ಎಂಟು ತಂತಿಗಳಲ್ಲಿ ಮೂರು ಜಜ್ಜಿಹೋಗಿದ್ದವು. ಚಿಲಕ ಬೀಳುವಷ್ಟು ಬಿಗಿಯಾಗಿ ಬಾಗಿಲು ಹಾಕಿದಾಗಲೆಲ್ಲ ಆ ಮೂರರ ಉಸಿರು ನಿಲ್ಲುತ್ತಿತ್ತು. ನಮ್ಮ ಚಿಕ್ಕಪುಟ್ಟ ಕೈಕಾಲು ತೊಳೆಯುವಿಕೆ ಗಂಟೆಗೊಮ್ಮೆಯ ಚುಕ್ಕೆಗಳ ನಡುವೆ ತಪ್ಪಿಸಿಕೊಂಡಿತ್ತು, ಭಾವಮೈದನ ಮುಕ್ಕಾಲು ಗಂಟೆ ಮಾತ್ರ ಸಿಕ್ಕಿಬಿದ್ದಿತ್ತು. ರಾತ್ರಿ ಯಾರಾದರೂ ಎದ್ದು ಬಚ್ಚಲಿಗೆ ಹೋಗಿಬಂದರೂ ತಾವು ದೋಷವೆಂದು ನಿಂತು, ಬೆಳಿಗ್ಗೆ ನಾವು ಮೊದಲಿನಿಂದ ಶುರು ಮಾಡುವ ತನಕ ಹಾಗೇ ಇರುತ್ತಿದ್ದಿರಿ.

ಬೇರೆ ಕೇಬಲ್ ಮನೆಯಲ್ಲಿರಲಿಲ್ಲ. ಅಂಗಡಿಯವರ ಮದುವೆ ಇನ್ನೂ ಮುಗಿದಿರಲಿಲ್ಲ. ಬಾಗಿಲು ತೆರೆದೇ ಇದ್ದರೆ ಐದು ಗಂಟೆಯಲ್ಲಿ ಕೆಲಸ ಆಗುತ್ತದೆಂದು ತಾವು ತಿಳಿಸಿದಿರಿ. ಆ ಐದು ಗಂಟೆಯನ್ನೂ ಹಾಡದೆ ಕಳೆದರೆ ನಾಳೆ ಭಾವಮೈದನ ಬಾಯಿಗೆ ಏನು ಉಳಿಯುತ್ತದೆಂದು ನಮ್ಮಿಬ್ಬರಿಗೂ ಭಯ. ಆದರೆ ಬಾಗಿಲು ತೆಗೆದಿಟ್ಟು ಹಾಡು ಎಂದು ಅವನಿಗೆ ಹೇಳಲು ನಾಲಿಗೆ ಬರಲಿಲ್ಲ. ನಾವಿಬ್ಬರೂ ಜಜ್ಜಿದ ಕೇಬಲನ್ನೇ ನೋಡುತ್ತ ನಿಂತಿದ್ದಾಗ ಅವನೇ ಬಂದ. ನೋಡಿದ, ಅರ್ಥ ಮಾಡಿಕೊಂಡ. ನೀರು ತುಂಬಿದ ಬಕೆಟ್ಟನ್ನು ಎಳೆದು ಬಾಗಿಲಿಗೆ ಒತ್ತಿಟ್ಟ, ಅದು ಮುಚ್ಚದ ಹಾಗೆ.

"ತೆಗೆ...ದೇ... ಇರ್ಲಿ, ಭಾವ," ಎಂದ.

ನಲ್ಲಿ ತಿರುಗಿಸಲಿಲ್ಲ. ಗೋಡೆಗೆ ಮುಖ ಮಾಡಿ ನಿಂತು ಹಾಡತೊಡಗಿದ. ಪ್ರಯಾಣಿಕರ ಗಮನಕ್ಕೆ ಎಂಬುದೇ ಒಂದು ಸಾಲಾಯಿತು, ಏಳನೆಯ ಅಂಕಣ ಎಂಬುದು ಇನ್ನೊಂದು. ಎಡವಿದ, ಹಿಂದೆ ಹೋದ, ಮತ್ತೆ ಬಂದ. ನಡುವೆ ಒಮ್ಮೆ ತಿರುಗಿ ನಮ್ಮನ್ನು ನೋಡಿದ, ನಾವು ಚಾರ್ಟು ನೋಡುವವರಂತೆ ನಟಿಸಿದೆವು. ಮೂರು ಗಂಟೆಯ ಸುಮಾರಿಗೆ ಮಹಡಿಯ ಮನೆಯ ಅಜ್ಜಿ ಕೈಚೀಲ ಹಿಡಿದು ಇಳಿದು ಬಂದು, ಮಗಳ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಭಾವಮೈದ ಬಚ್ಚಲಿನಿಂದಲೇ ರಾಗವಾಗಿ ಹೇಳಿದ. ಅಜ್ಜಿ ಆ ಬಸ್ಸಿಗೇ ಹೋದರು, ಬಸ್ಸೂ ಇತ್ತಂತೆ. ನಾಲ್ಕೂ ಇಪ್ಪತ್ತಕ್ಕೆ ತಾವು ಕೆಲಸ ಮುಗಿದಿದೆ ಎಂದಿರಿ.

ಶನಿವಾರ ಹನ್ನೊಂದಕ್ಕೆ ಮೇಲ್ವಿಚಾರಕರ ಕೋಣೆಗೆ ಹೋದೆವು. ಹೆಂಡತಿ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಮೇಲ್ವಿಚಾರಕರು ಅದನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿ ಡ್ರಾಯರಿನೊಳಗೆ ಹಾಕಿದರು.

"ಅದೆಲ್ಲ ಆಮೇಲೆ ನೋಡೋಣ. ಮನುಷ್ಯರೇ ಬಂದಿದ್ದಾರಲ್ಲ. ಎಲ್ಲಿ, ಒಂದ್ಸಲ ಹೇಳಿ ನೋಡೋಣ," ಎಂದರು.

ಭಾವಮೈದ ಎದ್ದು ನಿಂತ. ಒಂಬತ್ತು ಸೆಕೆಂಡು ಏನೂ ಬರಲಿಲ್ಲ. ಎಣಿಸುವುದು ನನ್ನ ಕಸುಬು, ಎಣಿಸಿದೆ. ಹತ್ತನೆಯದಕ್ಕೆ ಗಂಟಲಲ್ಲಿ ಸಣ್ಣಗೆ ರಾಗ ಎದ್ದಿತು, ಅದರ ಹಿಂದೆ ಪದಗಳು ಬಂದವು, ಅರ್ಧ ಹಾಡು ಅರ್ಧ ಮಾತು, ಒಂದೂ ತಪ್ಪಿಲ್ಲ. ಸಮಿತಿಯ ಮೂರನೆಯವರು, ಹಳೆಯ ಕಂಡಕ್ಟರಮ್ಮ, ಮೊದಲೂ ಇವರು ಹಾಡಿದ ಹಾಗೇ ಹೇಳುತ್ತಿದ್ದರಲ್ಲ, ಏನು ಬದಲಾಗಿದೆ ಎಂದು ಕೇಳಿದರು. ಮೂರು ತಿಂಗಳ ಮಟ್ಟಿಗೆ ಮಧ್ಯಾಹ್ನದ ಪಾಳಿ ಕೊಟ್ಟಿದ್ದಾರೆ. ಅವನು ಸಾರಿ ಮುಗಿಸಲು ಮೊದಲಿಗಿಂತ ಎರಡರಷ್ಟು ಹೊತ್ತು ಹಿಡಿಯುತ್ತದೆ. ಡ್ರೈವರುಗಳು ಗೌರವದಿಂದ ಅಷ್ಟೂ ಹೊತ್ತು ಕಾಯುವುದರಿಂದ, ಓಡಿಬರುವ ಪ್ರಯಾಣಿಕರಿಗೆಲ್ಲ ಈಗ ಬಸ್ಸು ಸಿಗುತ್ತಿದೆಯಂತೆ.

ಇನ್ನು ನನ್ನ ದೂರು. ತನಿಖೆಯಿಂದ ತಿಳಿದುಬಂದಂತೆ ತಮ್ಮದು ಯಾವ ತಪ್ಪೂ ಇಲ್ಲ, ಮತ್ತು ತಮ್ಮ ಮೇಲೆ ನನಗಿರುವ ದೂರು ಇದೊಂದೇ. ತಾವು ಒಂದಿಷ್ಟಾದರೂ ಕೆಟ್ಟಿದ್ದರೆ, ಒಂದು ಸಣ್ಣ ಡಿಸ್ಕಾದರೂ ಸವೆದಿದ್ದರೆ, ನಾಲ್ಕು ದಿನ ನಾನು ತಮಗೆ ಹಾಕಿದ ಶಾಪಕ್ಕೆ ಅರ್ಥವಿರುತ್ತಿತ್ತು. ತಾವು ಇಷ್ಟು ನಿರಪರಾಧಿಗಳಾಗಿ ಕೂತುಬಿಟ್ಟರೆ, ಮಾತು ಹುಡುಕಿಕೊಳ್ಳುತ್ತಿದ್ದ ಮನುಷ್ಯನಿಗೆ ಸುಮ್ಮನಿರು ಎಂದವನು ಈ ಮನೆಯಲ್ಲಿ ನಾನೊಬ್ಬನೇ ಆಗುತ್ತೇನೆ. ಅವನಿಗೆ ಕ್ಷಮೆ ಕೇಳಿದೆ, ಏನೂ ಆಗಿಲ್ಲವೆಂಬಂತೆ ಕೈ ಬೀಸಿದ. ಅದರಿಂದ ಇನ್ನೂ ಕಷ್ಟವಾಗಿದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಈ ತಪ್ಪಿನಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ತಮ್ಮದೆಂದು ಒಪ್ಪಿಕೊಳ್ಳಬೇಕಾಗಿ, ಆ ನಾಲ್ಕು ದೀಪಗಳಲ್ಲಿ ಒಂದನ್ನಾದರೂ ಒಂದು ದಿನದ ಮಟ್ಟಿಗೆ ಕೆಂಪಾಗಿಸಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ತಮ್ಮನ್ನು ಇನ್ನು ಮುಂದೆ ಅನುಮಾನಿಸದಿರಲು ಪ್ರಯತ್ನಿಸುವ,
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು

ವಿ.ಸೂ.: ಈ ಪತ್ರವನ್ನು ಕಾಗದದಲ್ಲಿ ಬರೆದು, ಕೋಣೆಯಿಂದ ನಡೆದು ತಂದು ತಮ್ಮ ನೆತ್ತಿಯ ಮೇಲೆ ಇಟ್ಟಿದ್ದೇನೆ. ವರ್ಗಾವಣೆಗೆ ಹಿಡಿದ ಸಮಯ ಆರು ಸೆಕೆಂಡು, ನಡುವೆ ಚಪ್ಪಲಿ ಹುಡುಕಿದ್ದೂ ಸೇರಿ.