ಎರಡು ಸಲ ನೋಡಿದ ಧಾರಾವಾಹಿ

ಸುಳ್ಳುಗಳಲ್ಲಿ ನಾನಾ ಜಾತಿಗಳಿವೆ. ಹೊಟ್ಟೆಪಾಡಿನ ಸುಳ್ಳನ್ನು ದೇವರು ಕ್ಷಮಿಸುತ್ತಾನೆ, ಮದುವೆ ಮಾಡಿಸುವ ಸುಳ್ಳನ್ನು ಗಾದೆಯೇ ಕ್ಷಮಿಸಿದೆ. ನೋಡದ ಧಾರಾವಾಹಿಯನ್ನು ನೋಡಿದ್ದೇನೆ ಎನ್ನುವ ಸುಳ್ಳಿಗೆ ಮಾತ್ರ ಯಾರೂ ಪ್ರಾಯಶ್ಚಿತ್ತ ಬರೆದಿಟ್ಟಿಲ್ಲ. ಬರೆದಿದ್ದರೆ ನಾನು ಇಷ್ಟು ಹೊತ್ತಿಗೆ ಮಾಡಿಕೊಂಡು ಕೈ ತೊಳೆದುಕೊಂಡಿರುತ್ತಿದ್ದೆ. ಐವತ್ತಮೂರು ವರ್ಷದ, ಮೀಸೆ ನರೆತ ಗುಮಾಸ್ತನೊಬ್ಬ ಕೊರಿಯಾದ ರಾಜರಾಣಿಯರ ದೆಸೆಯಿಂದ ಅಕ್ಕನ ಮನೆಯಲ್ಲಿ ತಲೆ ತಗ್ಗಿಸಬೇಕಾಯಿತು ಎಂದರೆ ನಿಮಗೆ ನಗು ಬರುತ್ತದೆ. ನಗಿರಿ, ನನಗೆ ಇನ್ನೂ ಬಂದಿಲ್ಲ.

ನನ್ನ ಮನೆ ಬಳ್ಳಾರಿಯ ಗಾಂಧಿನಗರದಲ್ಲಿ, ಕಚೇರಿ ಸಿರುಗುಪ್ಪದಲ್ಲಿ. ದಿನಾ ಬೆಳಿಗ್ಗೆ ಸಂಜೆ ಬಸ್ಸಿನಲ್ಲಿ ಕುಲುಕಾಡುವ ಹೊತ್ತಿನಲ್ಲೇ ನನಗೆ ಈ ಹಳೆಯ ಕಾಲದ ಕೊರಿಯಾದ ಧಾರಾವಾಹಿಗಳ ಚಟ ಹತ್ತಿದ್ದು. ಸಿಗುವುದು ತೆಲುಗಿನಲ್ಲಿ, ಬಳ್ಳಾರಿಯವರಿಗೆ ಅದೇನು ತೊಂದರೆ? ಕಿಟಕಿಯಾಚೆ ಭತ್ತದ ಗದ್ದೆ ಓಡುತ್ತಿರುತ್ತದೆ, ಮಡಿಲ ಮೇಲಿನ ಫೋನಿನಲ್ಲಿ ಕರಿ ಟೋಪಿಯ ಮಂತ್ರಿಗಳೆಲ್ಲ ರಾಜನ ಮುಂದೆ ಅಡ್ಡಬಿದ್ದು ಅಚ್ಚ ತೆಲುಗಿನಲ್ಲಿ ಗೋಗರೆಯುತ್ತಿರುತ್ತಾರೆ. ಒಮ್ಮೆ ನಾನು ಬಿಕ್ಕಿಬಿಕ್ಕಿ ಅತ್ತು, ಕಂಡಕ್ಟರಿಗೆ ಕಣ್ಣಲ್ಲಿ ಧೂಳು ಬಿತ್ತೆಂದು ಹೇಳಿದ್ದೇನೆ. ಕ್ರಮೇಣ ಕಚೇರಿಯ ಹೆಣ್ಣುಮಕ್ಕಳು, ಬಂಧುಗಳು, "ಸರ್, ಅದು ಮುಗೀತು, ಇಂಥದ್ದೇ ಇನ್ನೊಂದು ಹೇಳ್ರಿ" ಎನ್ನತೊಡಗಿದರು. ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಎಂದು ಕೂಡ ನನ್ನನ್ನು ಕೇಳುವವರಿಲ್ಲ. ಅಂಥವನಿಗೆ ಇಷ್ಟು ಮರ್ಯಾದೆ ಸಿಕ್ಕರೆ ತಲೆ ನಿಂತೀತೇ? ನೋಡಿದ್ದೆಲ್ಲ ಹೇಳಿ ಖಾಲಿಯಾದ ಮೇಲೆ ನೋಡದ್ದನ್ನೂ ಹೇಳಲು ಶುರು ಮಾಡಿದೆ. ಅದಕ್ಕೊಂದು ಲೆಕ್ಕಾಚಾರವಿತ್ತು: ಮುಖಚಿತ್ರದಲ್ಲಿ ರಾಣಿ ನಗುತ್ತಿದ್ದರೆ ಕಥೆ ಸುಖಾಂತ.

ಹೀಗಿರುವಾಗ ಅಕ್ಕನ ಮಗಳು ಶಶಿಕಲಾ ಚೊಚ್ಚಲ ಹೆರಿಗೆಗೆಂದು ಕುರುಗೋಡಿನ ತವರಿಗೆ ಬಂದಳು. ಡಾಕ್ಟರು ಓಡಾಡಬೇಡ ಎಂದಿದ್ದರು. ಹೊತ್ತು ಹೋಗದೆ ನನಗೆ ಫೋನ್ ಮಾಡಿದಳು. "ಮಾಮಾ, ಒಂದು ಚಲೋದು ಹೇಳ್ರಿ. ಆದ್ರ ಅದರಾಗ ಬಸುರಿ ಸಾಯಬಾರದು. ನೀವು ಪೂರಾ ನೋಡೀರೇನು?"

"ಎರಡು ಸಲ ನೋಡೀನವ್ವಾ" ಎಂದೆ. ನಲವತ್ತು ಕಂತಿನ ಆ ಕಥೆಯಲ್ಲಿ ನಾನು ನೋಡಿದ್ದು ನಾಲ್ಕು. ಆ ನಾಲ್ಕರಲ್ಲಿ ನಾಯಕ ನಾಯಕಿ ಇನ್ನೂ ಗಾಳಿಪಟ ಹಾರಿಸುವ ಮಕ್ಕಳು.

ಕುರುಗೋಡಿನಲ್ಲಿ ಮಧ್ಯಾಹ್ನದ ಊಟ ಮುಗಿದೊಡನೆ ಟಿವಿ ಮುಂದೆ ಇಡೀ ಮನೆ ಕೂರತೊಡಗಿತು. ಅಕ್ಕನ ಅತ್ತೆ, ಎಂಬತ್ತರ ಅಜ್ಜಿ, ಶೇಂಗಾ ಸುಲಿಯುತ್ತ ನೋಡುತ್ತಿದ್ದರು. ಒಂದು ದಿನ ಅಕ್ಕ ಫೋನಿನಲ್ಲಿ, "ಆ ದೊಡ್ಡ ರಾಣಿ ಎಂಥಾಕಿಲೇ?" ಎಂದಾಗ, "ಪಾಪ, ದೇವರಂಥಾಕಿ" ಎಂದುಬಿಟ್ಟೆ. ಇಪ್ಪತ್ತೆರಡನೆಯ ಕಂತಿನಲ್ಲಿ ಆ ದೇವರಂಥವಳು ತುಂಬು ಬಸುರಿ ಸೊಸೆಗೆ ಕಂಚಿನ ಬಟ್ಟಲಲ್ಲಿ ವಿಷದ ಕಷಾಯ ಕೊಟ್ಟಳು. ಸೊಸೆ ಕೂಸು ಹೆತ್ತು ಪ್ರಾಣ ಬಿಟ್ಟಳು.

ಮಾರನೆಯ ದಿನ ಅಕ್ಕನ ಫೋನು. "ಏನಲೇ, ಬುದ್ಧಿ ಐತೇನು ನಿನಗ? ಹುಡುಗಿ ನಿನ್ನಿಯಿಂದ ಅಳಾಕತ್ಯಾಳ. ನಮ್ಮತ್ತಿ ಮಾಡಿದ ಜೀರಿಗಿ ಕಷಾಯ ಮುಟ್ಟವಲ್ಲಳು. ಬಟ್ಟಲ ನೋಡಿದ್ರ ನಡಗತಾಳ. ಅತ್ತಿ ಒಳಗ ಹೋಗಿ ಮಾರಿ ಮುಚ್ಚಿಕೊಂಡು ಕುಂತಾರ."

ಭಾನುವಾರ ಬೆಳಿಗ್ಗೆಯೇ ಕುರುಗೋಡಿಗೆ ಓಡಿದೆ. ಶಶಿಯ ಮುಖ ಬಾಡಿತ್ತು. ಅಜ್ಜಿ ನನ್ನನ್ನು ನೋಡಿ, "ತಮ್ಮಾ, ಐದು ಬಸುರಿತನ ಕಂಡ ಕೈ ಇದು. ಮೊಮ್ಮಗಳಿಗೆ ವಿಷಾ ಹಾಕತೈತೇನು?" ಎಂದು ಕಣ್ಣೊರೆಸಿಕೊಂಡರು. ಆ ಕ್ಷಣ ನೆಲ ಬಾಯಿ ಬಿಟ್ಟಿದ್ದರೆ ನಾನೇ ಮೊದಲು ಇಳಿಯುತ್ತಿದ್ದೆ. ಬೇರೆ ದಾರಿ ತೋಚದೆ, ಅರಮನೆಯಲ್ಲಿ ರಾಜನ ಊಟದ ರುಚಿ ನೋಡುವ ದಾಸಿಯ ಹಾಗೆ ಕಷಾಯದ ಬಟ್ಟಲೆತ್ತಿ ಅರ್ಧ ಕುಡಿದೆ. ಶಶಿ ನನ್ನ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ನಾನು ಸಾಯದಿದ್ದುದರಿಂದ ಉಳಿದರ್ಧ ಕುಡಿದಳು.

ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಕೂಸು ಉಳಿತೈತೇನು ಮಾಮಾ? ನೀವು ಎರಡು ಸಲ ನೋಡೀರಲ್ಲ."

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಉಳಿತೈತಿ" ಎಂದೆ. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ಪುರಾಣ ಹಚ್ಚಿದ ಮೇಲೆ ಸಾವಿನಲ್ಲಿ ನಿಲ್ಲಿಸಬಾರದು, ಅದೂ ಬಸುರಿ ಇರುವ ಮನೆಯಲ್ಲಿ. ಮಂಗಳವಾಗಲೇಬೇಕು ಎಂಬುದು ಅವರ ಕಾನೂನು. "ಆಕಿ ಕಣ್ಣಿಲೆ ನೋಡೂದು ಬ್ಯಾಡ. ನೀ ಬಾಯಿಲೆ ಹೇಳಿ ಮಂಗಳ ಮಾಡು" ಎಂದರು.

ನಾನು ಗೋಡೆಗೊರಗಿ ಕೂತು, ಕಾಣದ ಹದಿನೆಂಟು ಕಂತುಗಳ ಕಥೆ ಹೇಳಿದೆ. ದಾಸಿಯೊಬ್ಬಳು ಕೂಸನ್ನು ಮೊರದಲ್ಲಿಟ್ಟುಕೊಂಡು ಹೊಳೆ ದಾಟಿದಳು. ಕುಂಬಾರರ ಮನೆಯಲ್ಲಿ ಕೂಸು ಬೆಳೆಯಿತು. ದೊಡ್ಡ ರಾಣಿ ಹುಚ್ಚಿಯಾದಳು. ಕೊನೆಗೆ ಹುಡುಗ ರಾಜನಾಗಿ ಆನೆಯ ಮೇಲೆ, ಅಂಬಾರಿಯಲ್ಲಿ, ಊರ ತುಂಬ ಮೆರವಣಿಗೆ ಹೋದ. ಅಕ್ಕ ನಿಟ್ಟುಸಿರು ಬಿಟ್ಟಳು. ಅಜ್ಜಿ ಕೈ ಮುಗಿದರು. ಶಶಿ ಅಂದು ಎರಡು ರೊಟ್ಟಿ ಉಂಡಳು. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ನನ್ನನ್ನು ಅಷ್ಟು ನಂಬಿದ ಮೂವರ ನಡುವೆ ಕೂತು ಉಣ್ಣುವುದು ಸುಲಭವಲ್ಲ.

ಮಾರನೆಯ ದಿನದಿಂದ ಸಿರುಗುಪ್ಪದ ಬಸ್ಸಿನಲ್ಲಿ ಉಳಿದ ಕಂತುಗಳನ್ನು ಪರೀಕ್ಷೆಗೆ ಓದುವವನಂತೆ ನೋಡಿದೆ. ಪುಣ್ಯಕ್ಕೆ ಕೂಸು ಉಳಿದಿತ್ತು, ರಾಜನೂ ಆಯಿತು. ಆದರೆ ಕೊನೆಯ ಕಂತಿನಲ್ಲಿ ಒಂದು ಸತ್ಯ ಬಯಲಾಯಿತು. ಕಷಾಯ ಕುಡಿಯಲು ಅಂಜಿದ ಆ ಬಸುರಿ ರಾಣಿಗೆ, "ನಾನೇ ರುಚಿ ನೋಡಿದ್ದೇನೆ, ಹೆದರಬೇಡ" ಎಂದು ನಂಬಿಸಿದವನು ಅವಳ ಸ್ವಂತ ಸೋದರಮಾವ. ಆತ ಬಟ್ಟಲನ್ನು ತುಟಿಗೂ ಸೋಕಿಸಿರಲಿಲ್ಲ. ಹೊಸ ರಾಜನ ಮೊದಲ ಆಜ್ಞೆಯೇ ಆ ಮುದುಕನನ್ನು ದ್ವೀಪಕ್ಕೆ ಗಡೀಪಾರು ಮಾಡುವುದು. ಎತ್ತಿನಗಾಡಿಯಲ್ಲಿ ಕೂತು ಹೋಗುವ ಅವನ ಮುಖ ನೋಡಲಾರದೆ ಫೋನ್ ಬೋರಲು ಹಾಕಿದೆ.

ಶಶಿಗೆ ಸುಖವಾಗಿ ಹೆರಿಗೆಯಾಯಿತು, ಗಂಡುಮಗು. ತಿಂಗಳು ಕಳೆದು ಅವಳ ಫೋನು ಬಂತು. "ಮಾಮಾ, ಉಳಿದದ್ದು ನಾನೂ ಅಜ್ಜಿ ಕೂಡಿ ನೋಡಿ ಮುಗಿಸಿದ್ವಿ. ಮೊರ ಇಲ್ಲ, ಕುಂಬಾರ ಇಲ್ಲ. ಆನಿ ಅಂತೂ ಎಲ್ಲಿಯೂ ಕಾಣಲಿಲ್ಲ." ನಾನು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದೆ. "ಸೋದರಮಾವನ್ನ ಗಡೀಪಾರು ಮಾಡಿದ್ದು ಮಾತ್ರ ಚಂದಾಗಿ ತೋರಿಸ್ಯಾರ. ಇರ್ಲಿ, ತೊಟ್ಟಿಲ ಕಾರ್ಯಕ್ಕ ತಪ್ಪಸಬ್ಯಾಡ್ರಿ. ಗಡೀಪಾರು ಆಮ್ಯಾಲೆ ನೋಡಿದರಾತು."

"ತಪ್ಪಾತವ್ವಾ, ನಾ ನೋಡಿರಲಿಲ್ಲ" ಎಂದೆ ಕೊನೆಗೂ. ಇನ್ನು ಈ ಜನ್ಮದಲ್ಲಿ ನೋಡದ್ದನ್ನು ನೋಡಿದ್ದೇನೆ ಎನ್ನಲಾರೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡೆ. ಅಷ್ಟರಲ್ಲಿ ಅಜ್ಜಿ ಫೋನ್ ಇಸಕೊಂಡರು.

"ತಮ್ಮಾ, ನೀ ಹೇಳಿದ ಕತಿನೇ ಚಲೋ ಇತ್ತು ನೋಡು. ಇಂಥದ್ದೇ ಇನ್ನೊಂದು ಹೇಳು. ಆನಿ ಇರೂದು."

ತಕ್ಷಣ ಬಾಯಿಗೆ ಬಂದ ಒಂದು ಹೆಸರು ಹೇಳಿಬಿಟ್ಟೆ. ಅವತ್ತಿನಿಂದ ಸಿರುಗುಪ್ಪದ ಬಸ್ಸಿನಲ್ಲಿ ಕೂತು ಆನೆ ಹುಡುಕುತ್ತಿದ್ದೇನೆ.